ಕೇಳುವ ಬಿಟ್, ಕೇಳದ ಬಿಟ್

ತುಂಗಭದ್ರೆಯ ದಂಡೆಯಲ್ಲಿ ಕೊಟ್ರಬಸಯ್ಯನವರ ಆಶ್ರಮ ಅಂತ ಒಂದಿದೆ ಅಂದರೆ ನೀವು ನಂಬಬೇಕು. ನಂಬದಿದ್ದರೆ ಕಥೆ ಮುಂದಕ್ಕೆ ಹೋಗೋದಿಲ್ಲ.

ಆಶ್ರಮ ಅಂದ ಕೂಡಲೇ ಜಡೆ, ಕಮಂಡಲ, ಜಿಂಕೆ ಚರ್ಮ ಅಂತ ಕಣ್ಮುಂದೆ ತಂದುಕೊಳ್ಳಬೇಡಿ. ಅಯ್ಯನವರ ತಲೆಯಲ್ಲಿ ಕೂದಲೇ ಇಲ್ಲ, ಜಡೆ ಎಲ್ಲಿಂದ ಬರಬೇಕು? ಉಡೋದು ಬಿಳಿ ಪಂಚೆ, ಮೇಲೊಂದು ಬನಿಯನ್. ಹುಣಸೆ ಮರದ ಕೆಳಗೆ ಕಟ್ಟೆ, ಹಿಂದುಗಡೆ ಬಂದವರು ಉಳಿಯೋಕೆ ಛತ್ರ, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟ ಕೋಣೆ. ಆಸ್ತಿ ಇಷ್ಟೇ.

ಅಲ್ಲಿ ಶಿಷ್ಯರು ಕಲಿಯೋದು ವೇದಾಂತ ಅಲ್ಲ, ಹೈಪರ್‌ವೈಸರ್.

ಅದೇನಪ್ಪ ಅಂತ ಹುಬ್ಬು ಗಂಟಿಕ್ಕಬೇಡಿ, ಹೇಳ್ತೀನಿ. ಒಂದು ದೊಡ್ಡ ಯಂತ್ರ. ಅದರ ಹೊಟ್ಟೆಯೊಳಗೆ ಹತ್ತಾರು ಒಳಯಂತ್ರಗಳು. ಪ್ರತಿಯೊಂದು ಒಳಯಂತ್ರವೂ ತಾನೇ ಯಜಮಾನ, ಇಡೀ ಪ್ರೊಸೆಸರ್ ತನ್ನೊಬ್ಬನದೇ ಅಂದುಕೊಂಡು ಮೆರೀತಿರುತ್ತದೆ. ಹಾಗೆ ಮೆರೆಯೋಕೆ ಬಿಟ್ಟು, ಒಂದರ ತಂಟೆಗೆ ಇನ್ನೊಂದು ಹೋಗದ ಹಾಗೆ ಕಾಯೋ ಕೋಡ್‌ಗೆ ಹೈಪರ್‌ವೈಸರ್ ಅಂತಾರೆ. ಕೂಡುಕುಟುಂಬದಲ್ಲಿ ಹಿರಿಯತ್ತೆ ಮಾಡೋ ಕೆಲಸ ಅನ್ನಿ.

ಈ ಆಶ್ರಮದಲ್ಲಿ ತಿಪ್ಪೇಶ ಅಂತ ಒಬ್ಬ ಶಿಷ್ಯ. ಚಳ್ಳಕೆರೆ ಕಡೆಯವನು. ಒಳ್ಳೆಯವನು, ಶ್ರದ್ಧೆ ಇರೋನು, ಆದರೆ ಮಹಾ ಗೊಂದಲದ ಗಿರಾಕಿ. ಉಪ್ಪಿಟ್ಟಿಗೆ ಸಕ್ಕರೆ ಹಾಕಿಕೊಳ್ಳಲೋ ಉಪ್ಪಿನಕಾಯಿ ಹಾಕಿಕೊಳ್ಳಲೋ ಅಂತ ಯೋಚಿಸುತ್ತಾ ಕೂತು ಉಪ್ಪಿಟ್ಟೇ ಆರಿಹೋಗೋ ಜಾತಿ.

ಅವನಣ್ಣ ರುದ್ರಮುನಿಗೆ ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲು. ಹೋದ ಹುಣ್ಣಿಮೆಗೆ ಬಂದವನು ತಮ್ಮನಿಗೆ ಕಡ್ಡಿ ಮುರಿದಂತೆ ಹೇಳಿ ಹೋಗಿದ್ದ.

“ನೋಡು ತಿಪ್ಪೇಶಿ, ಅಮಾವಾಸ್ಯೆಗೆ ಮತ್ತೆ ಬರ್ತೀನಿ. ನಿಮ್ಮ ಅಯ್ಯ ‘ಇವನು ಆಗ್ತಾನೆ’ ಅಂದ್ರೆ ಇರು. ಇಲ್ಲಾಂದ್ರೆ ಗಂಟು ಕಟ್ಟು. ಮಿಲ್ಲಿನಾಗೆ ಕೂರಾಕೆ ಮನೆಯವರೇ ಬೇಕು.”

ತಿಪ್ಪೇಶನಿಗೆ ಮಿಲ್ಲು ಬೇಡ. ಹೊಳೆ ದಂಡೆ ಬೇಕು, ಕೋಡ್ ಬೇಕು, ಅಯ್ಯನವರು ಬೇಕು. ಹಾಗಂತ ಅವನು ಅಣ್ಣನ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅಯ್ಯನವರ ಮುಂದಂತೂ ಕೇಳಲೇಬೇಡಿ.

ಮಾರನೇ ದಿನ ಬೆಳಿಗ್ಗೆ ಅಯ್ಯನವರು ಅವನನ್ನು ಕರೆದರು.

“ಒಳಯಂತ್ರಗಳು ತೆವಳ್ತಾ ಇದಾವೆ. ಯಾಕೆ ಅಂತ ನೋಡು.”

ಅಷ್ಟೇ. ಎರಡು ಮಾತು. ಸ್ನಾನಕ್ಕೆ ಹೋದರು.

ತಿಪ್ಪೇಶ ನೋಡಿದ. ಹತ್ತು ದಿನ ಕಣ್ಣು ಕೆಂಪಾಗೋವರೆಗೆ ನೋಡಿದ. ಕೊನೆಗೂ ಒಂದು ಸುಳಿವು ಸಿಕ್ಕಿತು.

ಪ್ರೊಸೆಸರ್ ಒಳಗೆ ಕಂಟ್ರೋಲ್ ರಿಜಿಸ್ಟರ್ ಅಂತ ಇರುತ್ತದೆ. ಸಾಲಾಗಿ ಸ್ವಿಚ್ಚು ಜೋಡಿಸಿದ ಹಲಗೆ ಅಂದುಕೊಳ್ಳಿ. ಒಂದೊಂದು ಸ್ವಿಚ್ಚಿಗೂ ಬಿಟ್ ಅಂತ ಹೆಸರು. ಒಳಯಂತ್ರ ಹೇಗೆ ನಡೀಬೇಕು ಅನ್ನೋದೆಲ್ಲ ಈ ಬಿಟ್‌ಗಳು ಏರಿವೆಯೋ ಇಳಿದಿವೆಯೋ ಅನ್ನೋದರ ಮೇಲೆ ನಿಂತಿದೆ.

ಹೈಪರ್‌ವೈಸರ್ ಆ ಹಲಗೆಯ ಒಂದು ನಕಲನ್ನ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ನಕಲು ನೋಡೋದು ಚಿಟಿಕೆ ಹೊಡೆದಷ್ಟು ಸುಲಭ. ಅಸಲು ನೋಡಬೇಕಾದರೆ ಪ್ರೊಸೆಸರನ್ನೇ ಕೇಳಿ ತರಿಸಬೇಕು, ಅದು ತಡ. ನಮ್ಮ ಹೈಪರ್‌ವೈಸರ್ ಏನು ಮಾಡ್ತಿತ್ತು ಅಂದರೆ, ಒಂದೇ ಒಂದು ಬಿಟ್ ನೋಡಬೇಕಾದಾಗಲೂ ಇಡೀ ಹಲಗೆಯ ಅಸಲನ್ನೇ ತರಿಸುತ್ತಿತ್ತು. ಗಳಿಗೆಗೊಮ್ಮೆ ಇದೇ ಕಥೆ. ತೆವಳದೆ ಇನ್ನೇನು ಮಾಡ್ಯಾವು?

ತಿಪ್ಪೇಶ ಕಟ್ಟೆಗೆ ಓಡಿದ.

“ಅಯ್ಯ, ನಮ್ಮ ಕೋಡ್ ಸಿಕ್ಕಾಪಟ್ಟೆ ಕೇಳ್ತದೆ. ಕೇಳೋದು ತಪ್ಪಾ?”

“ಅಲ್ಲ.”

“ಹಂಗಾದ್ರೆ ಕೇಳದೇ ಇರೋದು ತಪ್ಪಾ?”

“ಅಲ್ಲ.”

“ಮತ್ತೆ ಯಾವುದು ತಪ್ಪು?”

ಅಯ್ಯನವರು ಅಂಗೈಯಲ್ಲಿದ್ದ ಕಡಲೆಕಾಯಿಯ ಸಿಪ್ಪೆ ಊದಿದರು. ಸಿಪ್ಪೆ ಹಾರಿ ತಿಪ್ಪೇಶನ ಮೂಗಿನ ಮೇಲೆ ಬಿತ್ತು. ಉತ್ತರ ಅದೇನಾ ಅಂತ ಅವನು ಸಂಜೆವರೆಗೆ ಯೋಚಿಸಿದ. ಅಲ್ಲ ಅಂತ ನನಗನ್ನಿಸುತ್ತದೆ. ಅಯ್ಯನವರಿಗೂ ಒಮ್ಮೊಮ್ಮೆ ಬರೀ ಸಿಪ್ಪೆ ಊದಬೇಕು ಅನ್ನಿಸಬಾರದೇ?

ಕೇಳದೇ ಇರೋದು ತಪ್ಪಲ್ಲ ಅಂದರಲ್ಲ! ತಿಪ್ಪೇಶ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕೋಡ್‌ಗೆ ಹಾಕೋ ತಿದ್ದುಪಡಿಗೆ ಆ ಆಶ್ರಮದಲ್ಲಿ ತೇಪೆ ಅಂತಲೇ ಅನ್ನೋದು. ತಿಪ್ಪೇಶ ಒಂದು ತೇಪೆ ಬರೆದ. ಇನ್ನು ಮುಂದೆ ಯಾವ ಬಿಟ್‌ಗೂ ಪ್ರೊಸೆಸರನ್ನು ಕೇಳೋ ಹಾಗಿಲ್ಲ. ಎಲ್ಲದಕ್ಕೂ ನಕಲೇ ಸಾಕು.

ಅಬ್ಬಬ್ಬಾ, ಆ ವೇಗವೇನು! ತೆವಳುತ್ತಿದ್ದವು ಕುದುರೆಯ ಹಾಗೆ ಓಡಿದವು. ತಿಪ್ಪೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಣ್ಣನ ಮುಂದೆ ಅಯ್ಯನವರು “ಆಗ್ತಾನೆ, ಆಗ್ತಾನೆ” ಅಂತ ಎರಡು ಸಲ ಅಂದಂತೆ ಅವನಿಗೆ ಆಗಲೇ ಕೇಳಿಸಿತು.

ಅಯ್ಯನವರು ಬಂದು ಪರದೆಯ ಮುಂದೆ ಕೂತರು. ಒಂದು ಒಳಯಂತ್ರವನ್ನು ಬೇಕಂತಲೇ ಕೆಣಕಿದರು.

ಒಳಯಂತ್ರ ತನ್ನ ಪಾಡಿಗೆ ಒಂದು ಬಿಟ್ ಏರಿಸಿತು. ರೈಟ್ ಪ್ರೊಟೆಕ್ಟ್ ಅಂತ ಅದಕ್ಕೆ ಹೆಸರು. ‘ಬೀಗ ಹಾಕಿದ ಮೆಮೊರಿ ಪುಟದ ಮೇಲೆ ಇನ್ನು ಯಾರೂ ಬರೆಯಬಾರದು’ ಅನ್ನೋದು ಅದರ ಅರ್ಥ. ಹೈಪರ್‌ವೈಸರ್‌ಗೆ ಅದು ತಿಳಿಯಲಿಲ್ಲ. ಹಳೇ ನಕಲು ನೋಡಿ, ಬಿಟ್ ಇನ್ನೂ ಇಳಿದೇ ಇದೆ ಅಂದುಕೊಂಡು, ಆ ಒಳಯಂತ್ರದ ಪರವಾಗಿ ಬೀಗ ಹಾಕಿದ ಪುಟದ ಮೇಲೇ ಬರೆದುಬಿಟ್ಟಿತು.

ಒಳಯಂತ್ರ ಧೊಪ್ಪಂತ ಬಿತ್ತು.

ತಿಪ್ಪೇಶನ ಮುಖ ಸುಟ್ಟ ಬದನೆಕಾಯಿ ಆಯಿತು.

“ಅಯ್ಯ, ಕೇಳದೇ ಇರೋದು ತಪ್ಪಲ್ಲ ಅಂದ್ರಿ.”

“ಅಂದೆ.”

“ಬಿತ್ತಲ್ಲ?”

“ಬಿತ್ತು.”

ಅಯ್ಯನವರು ತೇಪೆ ಕಿತ್ತು ಹಾಕಿದರು. ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

“ಕೋಡ್ ಸಾಕು. ನಾಳೆಯಿಂದ ಛತ್ರ ನೋಡ್ಕೋ.”

ಕೇಳಿದಿರಾ? ಕೋಡ್ ಬರೆಯೋನಿಗೆ ಛತ್ರ! ಮುಗೀತು, ನನ್ನ ಋಣ ಹರೀತು, ಬಾಯಿಬಿಟ್ಟು ಹೋಗು ಅನ್ನೋಕಾಗದೆ ಹೀಗೆ ಹೇಳಿದರು ಅಂದುಕೊಂಡ ತಿಪ್ಪೇಶ. ಹಾಗೋ ಅಲ್ಲವೋ ಅಂತ ಅಯ್ಯನವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಹೊಳೆಗಿಳಿದು ಮುಖ ತೊಳೆದುಕೊಂಡ. ಕಣ್ಣೀರು ಯಾವುದು ನೀರು ಯಾವುದು ಅಂತ ಗೊತ್ತಾಗಬಾರದಲ್ಲ.

ಛತ್ರದ ಕೆಲಸ ಕಷ್ಟದ್ದೇನಲ್ಲ. ಅಲ್ಲೊಂದು ಪದ್ಧತಿ. ಕೋಣೆ ಕೋಣೆಗೂ ನಲ್ಲಿ ಉಂಟು, ಆದರೆ ನೀರು ಬಿಡೋ ವಾಲ್ವು ಹಿಂದಿನ ಗೋಡೆಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ, ಬೀಗದ ಕೈ ಛತ್ರ ನೋಡಿಕೊಳ್ಳೋನ ಸೊಂಟದಲ್ಲಿ. ಬಂದವರು ನಲ್ಲಿ ಬಿಟ್ಟು ಮಲಗಿ ತೊಟ್ಟಿ ಖಾಲಿ ಮಾಡ್ತಾರೆ ಅಂತ ಈ ಏರ್ಪಾಟು. ಫ್ಯಾನು, ದೀಪ ಮಾತ್ರ ಕೋಣೆಯ ಒಳಗೆ, ಉಳಿದುಕೊಂಡವರ ಇಷ್ಟಕ್ಕೆ.

ಆಗ ಮೂರನೇ ಕೋಣೆಯಲ್ಲಿ ಹುಸೇನ್‌ಸಾಬ್ ಅನ್ನೋರು ಉಳಿದುಕೊಂಡಿದ್ದರು. ಹಾರ್ಮೋನಿಯಂ ರಿಪೇರಿ ಮಾಡೋರು. ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಹೊಳೆ ಗಾಳಿ ಕುಡಿದು ಹೋಗೋರು. ಮಧ್ಯಾಹ್ನದ ನಿದ್ದೆ ಅಂದರೆ ಅವರಿಗೆ ಪ್ರಾಣ.

ಮಧ್ಯಾಹ್ನ ಊಟ ಆಯಿತು. ಅಯ್ಯನವರು ಕಟ್ಟೆಯ ಮೇಲೆ ಒರಗಿದ್ದರು.

“ತಿಪ್ಪೇಶ, ಮೂರನೇ ಕೋಣೆಗೆ ನೀರು ಬಿಟ್ಟಿದೆಯಾ?”

ನೆನ್ನೆ ಕೇಳದೇ ಕೆಟ್ಟವನು ಇವತ್ತು ಬಿಟ್ಟಾನೆಯೇ? ಓಡಿ ಹೋಗಿ ಬಾಗಿಲು ದಬದಬ ಬಡಿದ.

“ಸಾಬ್ರೇ! ಸಾಬ್ರೇ! ನೀರು ಬರ್ತಾ ಇದೆಯಾ ನೋಡ್ರಿ!”

ಹುಸೇನ್‌ಸಾಬ್ ಲುಂಗಿ ಬಿಗಿದುಕೊಳ್ಳುತ್ತಾ ಎದ್ದು, ನಲ್ಲಿ ತಿರುಗಿಸಿ, ಬಾಗಿಲು ತೆರೆದರು.

“ಬರ್ತದೆ ಮಾರಾಯ. ಯಾಕ, ಹೊಳೀಗೆ ಬೆಂಕಿ ಬಿತ್ತೇನು?”

ತಿಪ್ಪೇಶ ಓಡಿ ಬಂದು ಏದುಸಿರು ಬಿಡುತ್ತಾ ಹೇಳಿದ.

“ಬಿಟ್ಟಿದೆ ಅಯ್ಯ.”

“ಪೆಟ್ಟಿಗೆ ಬೀಗದ ಕೈ ಎಲ್ಲಿ?”

ತಿಪ್ಪೇಶ ಸೊಂಟ ಮುಟ್ಟಿ ನೋಡಿಕೊಂಡ. ಅಲ್ಲೇ ಇತ್ತು. ಬೆಳಿಗ್ಗೆ ವಾಲ್ವು ತಿರುಗಿಸಿದವನೂ ಅವನೇ. ಆಮೇಲೆ ಬೀಗದ ಕೈ ಸೊಂಟ ಬಿಟ್ಟು ಕದಲಿರಲಿಲ್ಲ.

“ಅಯ್ಯೋ, ನನಗೇ ಗೊತ್ತಿತ್ತಲ್ಲ!”

ಅಯ್ಯನವರು ಕಣ್ಣು ಮುಚ್ಚಿದರು. ಮತ್ತೆ ತೆರೆದರು.

“ಅವರ ಕೋಣೆ ಫ್ಯಾನು ತಿರುಗ್ತಾ ಇದೆಯಾ?”

ಈ ಸಲ ಏಮಾರಬಾರದು ಅಂತ ತಿಪ್ಪೇಶ ಎದೆ ಸೆಟೆಸಿದ.

“ಇಲ್ಲ ಅಯ್ಯ. ಬೆಳಿಗ್ಗೆ ಕಸ ಗುಡಿಸೋವಾಗ ನಾನೇ ಆರಿಸಿದೀನಿ. ಯಾರನ್ನೂ ಕೇಳಬೇಕಾಗಿಲ್ಲ.”

ಅಯ್ಯನವರು ಅವನ ಕಿವಿ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಒಳಗೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಅದರ ಕೆಳಗೆ ಹುಸೇನ್‌ಸಾಬ್ ಮುಸುಕು ಹೊದ್ದು, ಮುರಿದ ನಿದ್ದೆಯನ್ನು ಮತ್ತೆ ಜೋಡಿಸಿಕೊಳ್ಳೋ ಪ್ರಯತ್ನದಲ್ಲಿದ್ದರು.

“ಮತ್ತ ಬಂದನಾ?” ಅಂತ ಮುಸುಕಿನೊಳಗಿಂದ ದನಿ ಬಂತು.

ತಿಪ್ಪೇಶನಿಗೆ ಅಳುವೇ ಬಂತು.

“ಅಯ್ಯ, ಕೇಳಿದ್ರೂ ತಪ್ಪು ನಂದೇ, ಕೇಳದಿದ್ರೂ ತಪ್ಪು ನಂದೇ. ನಾನು ದಡ್ಡ ಅಂತ ನನಗೆ ಗೊತ್ತು. ಆದ್ರೆ ದಡ್ಡನಿಗಾದ್ರೂ ಒಂದು ದಾರಿ ತೋರಿಸಬೇಕಲ್ಲ? ಏನು ಮಾಡಲಿ ನಾನು?”

ಅಯ್ಯನವರು ಕಿವಿ ಬಿಟ್ಟರು.

“ಯಾರ ಕೈ?” ಅಂದರು.

“ಅಂದ್ರೆ?”

“ಯಾರ ಕೈ ಅಂತ ಮೊದಲು ನೋಡು.”

ಕಟ್ಟೆಗೆ ಹೋಗಿ ಮಲಗಿಯೇಬಿಟ್ಟರು.

ಯಾರ ಕೈ? ತಿಪ್ಪೇಶ ತನ್ನ ಕೈ ನೋಡಿಕೊಂಡ. ಅಂಗೈ ನೋಡಿದ, ಮುಂಗೈ ನೋಡಿದ. ಕೈ ನೋಡಿಸಿಕೊಳ್ಳೋಕೆ ಜೋಯಿಸರ ಹತ್ತಿರ ಹೋಗು ಅಂದರೋ ಏನೋ ಅಂತಲೂ ಒಂದು ಗಳಿಗೆ ಅನ್ನಿಸಿತು. ನಗಬೇಡಿ. ಗೊಂದಲದಲ್ಲಿದ್ದವನಿಗೆ ಎಲ್ಲ ದಾರಿಯೂ ದಾರಿಯೇ.

ಸಂಜೆ ವಾಲ್ವು ಮುಚ್ಚೋಕೆ ಹಿಂದಿನ ಗೋಡೆಗೆ ಹೋದ. ಪೆಟ್ಟಿಗೆ ತೆರೆದ, ತಿರುಗಿಸಿದ, ಬೀಗ ಹಾಕಿದ. ಕೈ ಹಾಗೇ ನಿಂತಿತು.

ಇದನ್ನು ತಿರುಗಿಸಬೇಕು ಅಂದರೆ ಯಾರೇ ಆದರೂ ನನ್ನ ಹತ್ತಿರ ಬರಬೇಕು. ಹುಸೇನ್‌ಸಾಬರಿಗೆ ನೀರು ಬೇಕಾದರೂ ನನ್ನನ್ನೇ ಕೂಗಬೇಕು. ನನಗೆ ತಿಳಿಯದ ಹಾಗೆ ಇದು ಬದಲಾಗೋಕೆ ಸಾಧ್ಯವೇ ಇಲ್ಲ. ಫ್ಯಾನು ಹಾಗಲ್ಲ, ಅವರ ಕೈಗೆ ಸಿಗುತ್ತದೆ, ನನಗೆ ಹೇಳದೆ ಹಾಕ್ತಾರೆ, ಆರಿಸ್ತಾರೆ.

ಬಿಟ್‌ಗಳೂ ಹಾಗೇ ಅಲ್ಲವೇ?

ಕೆಲವು ಬಿಟ್‌ಗಳನ್ನು ಒಳಯಂತ್ರದ ಕೈಗೇ ಕೊಟ್ಟಿದೆ. ತಾನೇ ಏರಿಸ್ತದೆ, ತಾನೇ ಇಳಿಸ್ತದೆ, ಹೈಪರ್‌ವೈಸರ್‌ಗೆ ಹೇಳಿ ಕಳಿಸೋದಿಲ್ಲ. ನೆನ್ನೆ ಬೀಳಿಸಿದ್ದು ಅಂಥದ್ದೊಂದು. ಉಳಿದವನ್ನು ಮುಟ್ಟೋಕೆ ಹೋದರೆ ಸಾಕು, ಪ್ರೊಸೆಸರ್ ಒಳಯಂತ್ರವನ್ನು ಅಲ್ಲೇ ತಡೆದು ನಿಲ್ಲಿಸಿ ಹೈಪರ್‌ವೈಸರನ್ನು ಕರೀತದೆ. ಬದಲಾಯಿಸೋದಿದ್ದರೆ ಹೈಪರ್‌ವೈಸರೇ ಬದಲಾಯಿಸಬೇಕು, ತನ್ನ ನಕಲಿನಲ್ಲೂ ತಿದ್ದಿಕೊಳ್ಳಬೇಕು. ಹಾಗಿದ್ದ ಮೇಲೆ ಆ ಬಿಟ್‌ಗಳ ನಕಲು ಸುಳ್ಳಾಗೋದು ಹೇಗೆ?

ಒಂದು ಬಿಟ್‌ಗೋಸ್ಕರ ಇಡೀ ಹಲಗೆ ಕೇಳೋದೇ ಎಡವಟ್ಟು. ಇಡೀ ಹಲಗೆ ಅಂದಮೇಲೆ ಅದರಲ್ಲಿ ಒಳಯಂತ್ರದವರ ಕೈಯವೂ ಸೇರಿದವು, ಅಸಲು ತರಿಸಲೇಬೇಕಾಯಿತು. ಬೇಕಾದ ಬಿಟ್ ಒಂದನ್ನೇ ಕೇಳಿದರೆ? ಅದು ನಮ್ಮ ಕೈಯದಾದರೆ ನಕಲು ಸಾಕು. ಅವರ ಕೈಯದಾದರೆ ಮಾತ್ರ ಪ್ರೊಸೆಸರನ್ನು ಕೇಳು.

“ಎಲಾ ಇವನ!” ಅಂತ ತಿಪ್ಪೇಶ ತನಗೆ ತಾನೇ ಅಂದುಕೊಂಡ.

ಕೋಡ್ ಸಾಕು ಅಂದಿದ್ದರು ಅಯ್ಯನವರು. ಆದರೂ ಕದ್ದು ಹೋಗಿ ಕೂತು ಬರೆದ. ಬೈದರೆ ಬೈಯಲಿ, ಹೇಗೂ ಹೊರಡೋನು ತಾನೇ ಅನ್ನೋ ಮೊಂಡು ಧೈರ್ಯ.

ಬೆಳಿಗ್ಗೆ ಅಯ್ಯನವರ ಮುಂದೆ ಇಟ್ಟ. ಅವರು ಬೈಯಲಿಲ್ಲ. ಒಳಯಂತ್ರವನ್ನು ಕೆಣಕಿದರು. ಬೀಳಲಿಲ್ಲ. ಇನ್ನೂ ಕೆಣಕಿದರು. ಬೀಳಲಿಲ್ಲ.



“ಇನ್ನೂ ತಡ,” ಅಂದರು ಅಯ್ಯನವರು.

“ಎಲ್ಲಿ ಅಯ್ಯ? ಅವರ ಕೈಯದನ್ನ ಕೇಳಲೇಬೇಕಲ್ಲ? ಕೇಳದಿದ್ರೆ ಬೀಳ್ತದಲ್ಲ?”

“ಕೇಳಬೇಕು.”

“ಕೇಳ್ತಾ ಇದೀನಲ್ಲ!”

“ಕೇಳ್ತಾನೇ ಇದೀಯ.”

ಇದೆಂಥ ಉತ್ತರ? ಕೇಳಬೇಕು ಅಂತಾರೆ, ಕೇಳ್ತಾನೇ ಇದೀಯ ಅಂತ ಆಕ್ಷೇಪಣೆ ಮಾಡ್ತಾರೆ. ಆಗಲೇ ಬೆಳಕು ಕಂಡಿತು ಅಂದುಕೊಂಡಿದ್ದ ತಿಪ್ಪೇಶ ಮತ್ತೆ ಕತ್ತಲಲ್ಲಿ ಗೋಡೆ ತಡವಿದ. ಅಮಾವಾಸ್ಯೆ ನಾಳೆಗೆ ಬಂದು ನಿಂತಿತ್ತು.

ಮಧ್ಯಾಹ್ನ ಪಂಕ್ತಿ ಕೂತಿತ್ತು. ಅಯ್ಯನವರು, ಹುಸೇನ್‌ಸಾಬ್, ಉಳಿದ ಶಿಷ್ಯರು. ತಿಪ್ಪೇಶನೂ ತಟ್ಟೆಯ ಮುಂದೆ ಕೂತಿದ್ದ. ಹುರುಳಿ ಕಟ್ಟಿನ ಸಾರು, ಮುದ್ದೆ.

“ತಿಪ್ಪೇಶ,” ಅಂದರು ಅಯ್ಯನವರು. “ಸಾಬರ ಕೋಣೆ ಫ್ಯಾನು?”

ತಿಪ್ಪೇಶ ಈಗ ಕಲಿತವನು. ಫ್ಯಾನು ಅವರ ಕೈಯದು. ಪಕ್ಕಕ್ಕೆ ತಿರುಗಿದ.

“ಸಾಬ್ರೇ, ಫ್ಯಾನು ಹಾಕಿ ಬಂದ್ರಾ, ಆರಿಸಿ ಬಂದ್ರಾ?”

“ಹಾಕೇ ಬಂದೀನಿ. ಹಾಸಿಗೆ ತಣ್ಣಗಿರಲಿ ಅಂತ.”

“ಹಾಕಿದೆ ಅಯ್ಯ.”

ಎರಡು ತುತ್ತು ಮುಗಿಯೋದರೊಳಗೆ ಅಯ್ಯನವರು ಮತ್ತೆ ಕೇಳಿದರು.

“ಫ್ಯಾನು?”

ತಿಪ್ಪೇಶ ಮತ್ತೆ ತಿರುಗಿದ.

“ಸಾಬ್ರೇ, ಫ್ಯಾನು?”

“ಹೇಳಿದ್ನಲ್ಲೋ. ಹಾಕೀನಿ.”

“ಹಾಕಿದೆ ಅಯ್ಯ.”

ಸಾರು ಬಡಿಸಿಕೊಂಡರು. ಸುರಿದರು.

“ತಿಪ್ಪೇಶ, ಫ್ಯಾನು?”

“ಸಾಬ್ರೇ...”

ಹುಸೇನ್‌ಸಾಬರ ತಾಳ್ಮೆ ಅಲ್ಲಿಗೆ ಕಿತ್ತು ಹೋಯಿತು. ತಟ್ಟೆ ಸರಿಸಿದರು.

“ಲೇ, ಕಣ್ಣು ಕಾಣಸ್ತದೋ ಇಲ್ಲೋ ನಿನಗ? ನಾನು ಇಲ್ಲೇ ನಿನ್ನ ಮಗ್ಗಲಾಗ ಕುಂತು ಸಾರು ಸುರೀಲಿಕತ್ತೀನಿ! ನಾ ಎದ್ದು ಒಳಗ ಹೋಗೋತನಕ ಆ ಫ್ಯಾನು ಯಾವ ದೆವ್ವ ಆರಿಸ್ತದ? ಒಂದ್ಸಲ ಕೇಳಿದಿ, ಹೇಳಿದೆ. ನಾ ವಾಪಸ್ ಹೋಗಿ ಬಂದ ಮ್ಯಾಲೆ ಬೇಕಾದ್ರ ಮತ್ತ ಕೇಳು. ನೆಮ್ಮದಿಯಿಂದ ಉಣ್ಣಾಕ ಬಿಡು ಮಾರಾಯ!”

ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ತಿಪ್ಪೇಶ ನಗಲಿಲ್ಲ. ಕೈಯಲ್ಲಿದ್ದ ಮುದ್ದೆಯ ತುತ್ತು ಬಾಯಿಗೂ ಹೋಗದೆ ತಟ್ಟೆಗೂ ಬೀಳದೆ ನಡುವೆ ನಿಂತಿತ್ತು.

ಒಳಯಂತ್ರ ಹೊರಗೆ ನಿಂತಿರೋವಾಗ!

ಹೈಪರ್‌ವೈಸರ್ ತನ್ನ ಕೆಲಸ ಮಾಡ್ತಿದೆ ಅಂದರೆ ಆ ಹೊತ್ತಿಗೆ ಒಳಯಂತ್ರ ಓಡ್ತಾ ಇಲ್ಲ. ನಿಂತಿದೆ. ನಿಂತಿರೋ ಯಂತ್ರ ತನ್ನ ಕೈಯ ಬಿಟ್ ಆದರೂ ಹೇಗೆ ತಿರುಗಿಸೀತು? ಒಂದು ಸಲ ಕೇಳಿ ನಕಲಿನಲ್ಲಿ ತುಂಬಿಕೊಂಡರೆ, ಅದು ಮತ್ತೆ ಓಡೋವರೆಗೆ ಆ ನಕಲು ನಿಜವೇ. ಓಡಿ ಬಂದ ಮೇಲೆ ಹಳೆಯದು, ಆಗ ಮತ್ತೊಮ್ಮೆ ಕೇಳಬೇಕು. ಅವನು ಬರೆದ ತೇಪೆಯೋ, ನಿಂತಿರೋ ಯಂತ್ರದ ಅದೇ ಬಿಟ್ ಅನ್ನು ಉಸಿರಿಗೊಂದು ಸಲ ಪ್ರೊಸೆಸರ್ ಹತ್ತಿರ ಕೇಳುತ್ತಿತ್ತು.

ತಿಪ್ಪೇಶ ಎಂಜಲು ಕೈಯಲ್ಲೇ ಕಂಪ್ಯೂಟರ್ ಕೋಣೆಯ ಕಡೆ ಓಟ ಕಿತ್ತ.

“ಕೈ ತೊಳಿ!” ಅಂತ ಅಯ್ಯನವರು ಹಿಂದಿನಿಂದ ಕೂಗಿದರು.

ಮೂರನೇ ತೇಪೆ ಸಣ್ಣದು. ನೋಡೋಕೆ ಏನೂ ಇಲ್ಲ. ಅಯ್ಯನವರು ಓದಿದರು. ಓಡಿಸಿದರು. ಕೆಣಕಿದರು, ಕಾಡಿದರು, ಏನೇನು ಕೀಟಲೆ ಉಂಟೋ ಎಲ್ಲ ಮಾಡಿದರು. ಒಳಯಂತ್ರಗಳು ಓಡಿದವು, ಒಂದೂ ಬೀಳಲಿಲ್ಲ.

“ಹ್ಞೂಂ,” ಅಂದರು.

ತೇಪೆಯನ್ನು ಕೋಡ್‌ಗೆ ಸೇರಿಸಿದರು. ಪಂಚೆ ಕೊಡವಿಕೊಂಡು ಎದ್ದು ಹೋದರು.

ಹ್ಞೂಂ ಅಂದರೆ ಏನರ್ಥ? ಭೇಷ್ ಅಂತಲೋ? ಇಷ್ಟು ಹೊತ್ತು ಬೇಕಾಯಿತಾ ಅಂತಲೋ? ಕೋಡ್ ಸಾಕು ಅಂದ ಮಾತು ಹಾಗೇ ಇದೆ, ವಾಪಸ್ ತಗೊಂಡಿಲ್ಲ. ಛತ್ರದ ಬೀಗದ ಕೈಯೂ ಸೊಂಟದಲ್ಲೇ ಇದೆ, ತಗೊಂಡಿಲ್ಲ. ಕೋಡ್ ಸರಿಯಾಯಿತು, ಆದರೆ ಅದನ್ನು ಬರೆದವನು? ಎರಡು ಸಲ ಎಡವಿದವನು, ಸಾಬರ ಕೈಲಿ ಪಂಕ್ತಿಯಲ್ಲಿ ಉಗಿಸಿಕೊಂಡವನು. ಇಂಥವನನ್ನು ಯಾವ ಗುರು ಇಟ್ಟುಕೊಂಡಾನು?

ತಿಪ್ಪೇಶ ಅಯ್ಯನವರ ಮುಖ ನೋಡಿದ. ಏನೂ ತಿಳಿಯಲಿಲ್ಲ. ಬೆನ್ನು ನೋಡಿದ. ಅದೂ ಏನೂ ಹೇಳಲಿಲ್ಲ. ಬಾಯಿಬಿಟ್ಟು ಕೇಳೋಕೆ ಹೆದರಿಕೆ. ಇಲ್ಲ ಅಂದುಬಿಟ್ಟರೆ? ಹೆದರಿದವನು ಊಹೆ ಮಾಡಿದ, ಊಹೆ ಮಾಡಿದವನು ಚೀಲ ತುಂಬಿದ.

ಅಮಾವಾಸ್ಯೆಯ ಬೆಳಿಗ್ಗೆ ರುದ್ರಮುನಿಯ ಪಿಕಪ್ಪು ಬಂದು ನಿಂತಿತು. ಹಿಂದುಗಡೆ ಖಾಲಿ ಎಣ್ಣೆ ಡಬ್ಬಗಳು ಗಡಗಡ ಅಂದವು.

ರುದ್ರಮುನಿ ಕಟ್ಟೆಗೆ ಬಂದು ಅಯ್ಯನವರ ಕಾಲಿಗೆ ಬಿದ್ದ. ಕಡಲೆಕಾಯಿಯ ಚೀಲ ಒಂದನ್ನು ಪಕ್ಕದಲ್ಲಿ ಇಟ್ಟ. ವ್ಯಾಪಾರಸ್ಥ ಮನುಷ್ಯ, ಸುತ್ತಿ ಬಳಸಿ ಗೊತ್ತಿಲ್ಲ.

“ಅಯ್ಯ, ನಮ್ಮ ತಿಪ್ಪೇಶಿ ನಿಮ್ಮ ಕೆಲಸಕ್ಕೆ ಆಗ್ತಾನಾ, ಇಲ್ಲಾ? ಆಗಲ್ಲ ಅಂದ್ರೆ ಬೇಜಾರಿಲ್ಲ. ಮಿಲ್ಲು ಐತೆ.”

ತಿಪ್ಪೇಶ ಚೀಲ ಹೆಗಲಿಗೆ ಹಾಕಿಕೊಂಡು ಛತ್ರದ ಮೆಟ್ಟಿಲ ಮೇಲೆ ನಿಂತಿದ್ದ. ಕಿವಿಯೆಲ್ಲ ಕಟ್ಟೆಯ ಕಡೆಗೆ.

“ಆಗ್ತಾನೆ,” ಅಂದರು ಅಯ್ಯನವರು. “ಅವನು ಬರೆದಿದ್ದೆಲ್ಲ ನನ್ನ ಕೈ ದಾಟೇ ಒಳಗೆ ಹೋಗಿದೆ. ಅದರಲ್ಲಿ ನನಗೆ ಅನುಮಾನ ಇಲ್ಲ.”

ತಿಪ್ಪೇಶ ಒಂದು ಮೆಟ್ಟಿಲು ಕೆಳಗಿಳಿದ. ಸರಿಯಾಗಿ ಕೇಳಿಸಿತಾ? ಆಗ್ತಾನೆ ಅಂದರಾ, ಆಗ್ತಾನಾ ಅಂದರಾ?

“ಹಂಗಾದ್ರೆ ಸರಿ ಬಿಡ್ರಿ, ಇಲ್ಲೇ ಇರಲಿ.” ರುದ್ರಮುನಿ ಮೊಣಕಾಲು ತಟ್ಟಿ ಏಳೋಕೆ ಹೊರಟ. “ತೀರ್ಮಾನ ಆತಲ್ಲ.”

“ಆಗಿಲ್ಲ,” ಅಂದರು ಅಯ್ಯನವರು.

“ಇನ್ನೇನು ಬಾಕಿ? ನೀವೇ ಆಗ್ತಾನೆ ಅಂದ್ರಲ್ಲ?”

ಅಯ್ಯನವರು ಮಂಡಿ ಹಿಡಿದುಕೊಂಡು ಕಟ್ಟೆಯಿಂದ ಇಳಿದರು. ಅಂಗಳ ದಾಟಿ ನಿಧಾನಕ್ಕೆ ನಡೆದು ಬಂದರು. ಗುರುಗಳೇ ಎದ್ದು ತನ್ನ ಕಡೆ ಬರೋದು ನೋಡಿ ತಿಪ್ಪೇಶ ಗಾಬರಿಯಲ್ಲಿ ಚೀಲ ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಮತ್ತೆ ಇಟ್ಟ.

“ಚೀಲ ಯಾಕೆ?” ಅಂದರು.

“ನೀವು ಕೋಡ್ ಸಾಕು ಅಂದ್ರಿ. ಹೋಗು ಅಂತ ಅರ್ಥ ಅಂದ್ಕೊಂಡೆ.”

“ನಾನು ಹೋಗು ಅಂದೆನಾ?”

“ಇಲ್ಲ.”

“ನೀನು ಕೇಳಿದೆಯಾ?”

“ಇಲ್ಲ ಅಯ್ಯ.” ತಿಪ್ಪೇಶ ಬಗ್ಗಿ ಚೀಲದ ದಾರ ಬಿಗಿದ. “ನೀವು ಇರು ಅಂದ್ರೆ ಇರ್ತೀನಿ, ಹೋಗು ಅಂದ್ರೆ ಹೋಗ್ತೀನಿ. ನೀವೇ ಹೇಳಿಬಿಡ್ರಿ. ನನ್ನದೇನಿದೆ?”

ಅಯ್ಯನವರು ಮೆಟ್ಟಿಲ ಮೇಲೆ, ಅವನ ಚೀಲದ ಪಕ್ಕದಲ್ಲಿ ಕೂತರು. ಮುಖ ಎತ್ತಿ ಅವನನ್ನು ನೋಡಿದರು.

“ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ ತಿಪ್ಪೇಶ. ಅದಕ್ಕೇ ಎದ್ದು ಬಂದು ಕೇಳ್ತಾ ಇದೀನಿ. ಇರ್ತೀಯಾ?”